ಪಿಕಪ್‌ನ ನಡುವೆ ಸರ್ವನಾಮಕ್ಕೆ ಎಡೆಯಿಲ್ಲ: ಕನ್ನಡ ಮಾತಿನೊಳಗಿನ ಇಂಗ್ಲಿಷ್ ಕ್ರಿಯಾಪದಗಳನ್ನು ಕುರಿತು

ಹೆಬ್ಬಾಳದ ಮೇಲ್ಸೇತುವೆಯನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದತ್ತ ಸಾಗುವವರಿಗೆ ಬಲಗಡೆ ಸಿಗುವ ಊರು ಅಮೃತಹಳ್ಳಿ. 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ ತೆರೆದ ಮೇಲೆ ಈ ರಸ್ತೆಯ ಇಕ್ಕೆಲದ ಊರುಗಳ ದಿನಚರಿಯಲ್ಲಿ ಬಾಡಿಗೆ ಕಾರುಗಳಿಗೆ ದೊಡ್ಡ ಪಾಲು ದೊರೆತಿದೆ. ನಸುಕಿನಲ್ಲಿ ಚಾಲಕರಿಗೂ ಪ್ರಯಾಣಿಕರಿಗೂ ನಡುವೆ ಫೋನಿನಲ್ಲಿ ನಡೆಯುವ ಮಾತುಕತೆ ಇಲ್ಲಿ ಎಲ್ಲರಿಗೂ ಪರಿಚಿತ:

(1) – ಸರ್, ಪಿಕಪ್ ಎಲ್ಲಿಂದ?
– ಕೆರೆ ಹತ್ರ ಬನ್ನಿ. ನಮ್ಮನ್ನ ಪಿಕಪ್ ಮಾಡ್ಕೊಂಡು, ಆಮೇಲೆ ಬ್ಯಾಟರಾಯನಪುರದಲ್ಲಿ ನಮ್ಮ ತಾಯಿಯವರನ್ನ ಪಿಕಪ್ ಮಾಡ್ಬೇಕು.
– ಆಯ್ತು ಸರ್. ಅವರಿಗೆ ಹೇಳಿಬಿಡಿ, ಸರ್ಕಲ್‌ನಲ್ಲಿ ನಮಗೆ ವೇಟ್ ಮಾಡ್ತಿರಲಿ.

ಇದನ್ನು ಕೆಟ್ಟ ಕನ್ನಡವೆಂದು ದೂರುವವರು ಒಂದು ಕಡೆ. ಇಂಥ ಮಾತಿನ ರೂಢಿಯಿಂದಲೇ ನಮ್ಮ ವಿದ್ಯಾರ್ಥಿಗಳ ಇಂಗ್ಲಿಷ್ ಕೆಡುತ್ತದೆಂದು ದೂರುವವರು ಇನ್ನೊಂದು ಕಡೆ. ಎರಡೂ ದೂರುಗಳು ಗಮನಿಸದೆ ಬಿಟ್ಟ ಸಂಗತಿಯೊಂದು ಮೇಲಿನ ಸಾಲುಗಳಲ್ಲಿಯೇ ಇದೆ. 'ಪಿಕ್' ಕನ್ನಡಕ್ಕೆ ಬಂದಾಗ 'ಅಪ್' ಅದರ ಜೊತೆಗೇ ಬಂದಿದೆ. 'ವೇಟ್' ಬಂದಾಗ 'ಫಾರ್' ಬಂದಿಲ್ಲ. ಅದರ ಎಡೆಯಲ್ಲಿ ಕನ್ನಡದ ಚತುರ್ಥಿ ನಿಂತಿದೆ. *'ವೇಟ್ ಫಾರ್ ಮಾಡು' ಎಂದು ಯಾರೂ ಹೇಳುವುದಿಲ್ಲ. (ನಕ್ಷತ್ರ ಚಿಹ್ನೆ ಇಲ್ಲೆಲ್ಲ ಆಡುಗರು ಒಪ್ಪದ ರೂಪವನ್ನು ಸೂಚಿಸುತ್ತದೆ.) ಈ ವ್ಯತ್ಯಾಸವನ್ನು ಚಾಲಕರಿಗಾಗಲಿ ಪ್ರಯಾಣಿಕರಿಗಾಗಲಿ ಯಾರೂ ಕಲಿಸಿಲ್ಲ. ಇಂಗ್ಲಿಷಿನ ವ್ಯಾಕರಣಕಾರರು ಬಹಳ ವಾದಗಳ ನಂತರ ಎಳೆದ ಗೆರೆಯೊಂದನ್ನು ಈ ಆಡುಗರು ಎಳೆಯುತ್ತಿದ್ದಾರೆ ಎಂಬುದು, ಮತ್ತು ಆ ಗೆರೆಯನ್ನು ಕಾಣಲು ಸರ್ವನಾಮದ ಸ್ಥಾನವೇ ಒಳ್ಳೆಯ ಸಾಧನ ಎಂಬುದು ಈ ಲೇಖನದ ವಾದ. ಇಲ್ಲಿನ ಉದಾಹರಣೆಗಳು ಎಣಿಕೆಗಾಗಿ ಸಂಗ್ರಹಿಸಿದವಲ್ಲ. ಬೆಂಗಳೂರಿನ ಉತ್ತರ ಭಾಗದ ಕನ್ನಡಿಗರು ಆಡುವ, ಓದುಗರು ತಮ್ಮ ಕಿವಿಯಲ್ಲಿಯೇ ಪರೀಕ್ಷಿಸಿಕೊಳ್ಳಬಹುದಾದ ವಾಕ್ಯಗಳನ್ನೇ ಆರಿಸಿಕೊಂಡಿದ್ದೇವೆ.

ಮೊದಲು ಇಂಗ್ಲಿಷಿನ ಮಾತು. ಲೋಗನ್ ಪಿಯರ್ಸಲ್ ಸ್ಮಿತ್ 1925ರ ತಮ್ಮ ಪುಸ್ತಕದಲ್ಲಿ 'ಫ್ರೇಸಲ್ ವರ್ಬ್' ಎಂಬ ಹೆಸರನ್ನು ಚಲಾವಣೆಗೆ ತಂದರು. ಹೆಸರನ್ನು ಸೂಚಿಸಿದವರು ಹೆನ್ರಿ ಬ್ರಾಡ್ಲಿ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಆ ಹೆಸರಿನ ಚೀಲದೊಳಗೆ ಅಂದಿನಿಂದ ಬಗೆಬಗೆಯ ಸರಕು ತುಂಬಿಕೊಂಡಿದೆ. 'ಪಿಕ್ ಅಪ್', 'ಲುಕ್ ಅಟ್', 'ಪುಟ್ ಅಪ್ ವಿತ್' ಮೂರೂ ಶಾಲೆಯ ಪಟ್ಟಿಗಳಲ್ಲಿ ಒಂದೇ ತಲೆಬರಹದ ಕೆಳಗೆ ಇರುತ್ತವೆ. ಆದರೆ ಕರ್ಮಸ್ಥಾನದಲ್ಲಿ ಒತ್ತಿಲ್ಲದ ಸರ್ವನಾಮವನ್ನು ಇಟ್ಟೊಡನೆ ಈ ಸರಕು ಬೇರೆಬೇರೆಯಾಗುತ್ತದೆ. 'ಪಿಕ್ ಇಟ್ ಅಪ್' ಸರಿ, *'ಪಿಕ್ ಅಪ್ ಇಟ್' ತಪ್ಪು. 'ಲುಕ್ ಅಟ್ ಇಟ್' ಸರಿ, *'ಲುಕ್ ಇಟ್ ಅಟ್' ತಪ್ಪು. ಸರ್ವನಾಮವಲ್ಲದ ನಾಮಪದಕ್ಕೆ ಇಷ್ಟು ಬಿಗಿಯಿಲ್ಲ: 'ಪಿಕ್ ದ ಬ್ಯಾಗ್ ಅಪ್', 'ಪಿಕ್ ಅಪ್ ದ ಬ್ಯಾಗ್' ಎರಡೂ ನಡೆಯುತ್ತವೆ. ಎಂದರೆ ಗೆರೆ ಸ್ಪಷ್ಟವಾಗಿ ಕಾಣಿಸುವುದು ಸರ್ವನಾಮ ಬಂದಾಗಲೇ. ಡ್ವೈಟ್ ಬೋಲಿಂಜರ್ 1971ರಲ್ಲಿ, ಬ್ರೂಸ್ ಫ್ರೇಸರ್ 1976ರಲ್ಲಿ ಈ ರಚನೆಗಳ ಮೇಲೆಯೇ ಪುಸ್ತಕ ಬರೆದರು. ರಾಡ್ನಿ ಹಡಲ್ಸ್ಟನ್ ಮತ್ತು ಜೆಫ್ರಿ ಪುಲಮ್ ಅವರ 2002ರ ಕೇಂಬ್ರಿಜ್ ವ್ಯಾಕರಣ ಒಂದು ಹೆಜ್ಜೆ ಮುಂದೆ ಹೋಗಿ 'ಫ್ರೇಸಲ್ ವರ್ಬ್' ಎಂಬ ಪರಿಭಾಷೆಯನ್ನೇ ಕೈಬಿಟ್ಟಿತು. 'ಪಿಕ್ ಅಪ್'ನ 'ಅಪ್' ಅಂಥ ಪಾರ್ಟಿಕಲ್‌ಗಳು ಹೆಚ್ಚಿನ ಮಟ್ಟಿಗೆ ಪ್ರಿಪೊಸಿಶನ್‌ಗಳೇ, ಆದರೆ ತಮ್ಮದೇ ಕರ್ಮವಿಲ್ಲದ ಅಕರ್ಮಕ ಪ್ರಿಪೊಸಿಶನ್‌ಗಳು ಎಂಬುದು ಅದರ ನಿಲುವು. ಈ ನಿಲುವು ನಮಗೆ ಮುಂದೆ ಬೇಕಾಗುತ್ತದೆ.

ಪರಿಭಾಷೆಯ ಬಗ್ಗೆ ಒಂದು ಮಾತು. ಕನ್ನಡದ ಕೆಲವು ಶಾಲಾ ವ್ಯಾಕರಣಗಳು ಪ್ರಿಪೊಸಿಶನ್‌ಗೆ 'ಉಪಸರ್ಗ' ಎನ್ನುತ್ತವೆ. ಉಪಸರ್ಗ ಧಾತುವಿನ ಜೊತೆಗಾರ. ಪ್ರಿಪೊಸಿಶನ್ ನಾಮಪದದ ಜೊತೆಗಾರ. ಈ ಅನುವಾದವೇ ವಿದ್ಯಾರ್ಥಿಯನ್ನು ಮೊದಲ ದಿನವೇ ದಾರಿ ತಪ್ಪಿಸುತ್ತದೆ ಎಂದು ನಮಗೆ ಅನಿಸುತ್ತದೆ. ಹಾಗಾಗಿ ಇಲ್ಲಿ ಪ್ರಿಪೊಸಿಶನ್, ಪಾರ್ಟಿಕಲ್ ಎಂಬ ಮಾತುಗಳನ್ನೇ ಉಳಿಸಿಕೊಂಡಿದ್ದೇವೆ.

ಈಗ ಕನ್ನಡದೊಳಗೆ ಬಂದ ರೂಪಗಳನ್ನು ನೋಡೋಣ.

(2) ಬಾಡಿಗೆ ಅಗ್ರಿಮೆಂಟ್ ಫಿಲ್‌ಅಪ್ ಮಾಡಿ ಕೊಡಿ.
(3) ಅವರು ತಪ್ಪನ್ನ ಪಾಯಿಂಟ್ ಔಟ್ ಮಾಡಿದ್ರು.
(4) ಇಷ್ಟಕ್ಕೆಲ್ಲ ಗಿವ್ ಅಪ್ ಮಾಡ್ಬೇಡ ಕಣೋ.
(5) ಅದು ನಿಮ್ಮ ಮೇಲೆ ಡಿಪೆಂಡ್ ಆಗುತ್ತೆ.
(6) ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಒಂದು ಕೆಲಸಕ್ಕೆ ಅಪ್ಲೈ ಮಾಡಿದೀನಿ.
(7) ನಾನು ಹೇಳೋದನ್ನ ಸ್ವಲ್ಪ ಲಿಸನ್ ಮಾಡಿ.

ಎರಡರಿಂದ ನಾಲ್ಕರವರೆಗೆ ಪಾರ್ಟಿಕಲ್ ಒಳಗೆ ಉಳಿದಿದೆ. ಐದರಿಂದ ಏಳರವರೆಗೆ 'ಆನ್', 'ಫಾರ್', 'ಟು' ಹೊರಗೆ ಉಳಿದಿವೆ. ಅವುಗಳ ಕೆಲಸವನ್ನು 'ಮೇಲೆ', '-ಕ್ಕೆ', '-ಅನ್ನ' ವಹಿಸಿಕೊಂಡಿವೆ. ಇವು ಇಂಗ್ಲಿಷ್ ಪ್ರಿಪೊಸಿಶನ್‌ಗಳ ಯಾಂತ್ರಿಕ ಅನುವಾದಗಳಲ್ಲ. 'ಲಿಸನ್ ಟು' ಬಂದಾಗ ಚತುರ್ಥಿ ಬರಲಿಲ್ಲ, ದ್ವಿತೀಯೆ ಬಂತು. ಕನ್ನಡದ 'ಕೇಳು' ಬೇಡುವುದು ದ್ವಿತೀಯೆಯನ್ನು; 'ಲಿಸನ್ ಮಾಡು' ಅದರ ವಿಭಕ್ತಿಯನ್ನೇ ಹೊತ್ತುಕೊಂಡಿದೆ.

ಈ ಕತ್ತರಿಸುವಿಕೆ ಎಷ್ಟು ನಿಖರವೆಂಬುದು ಮೂರು ತುಂಡಿನ ಕ್ರಿಯಾಪದಗಳಲ್ಲಿ ಚೆನ್ನಾಗಿ ಕಾಣುತ್ತದೆ. 'ಲಾಗ್ ಇನ್ ಟು' ಕನ್ನಡಕ್ಕೆ ಬಂದದ್ದು 'ಪೋರ್ಟಲ್‌ಗೆ ಲಾಗಿನ್ ಆಗಿ' ಎಂದು. 'ಕ್ಯಾಚ್ ಅಪ್ ವಿತ್' ಬಂದದ್ದು 'ಅವನ ಜೊತೆ ಕ್ಯಾಚಪ್ ಮಾಡ್ತೀನಿ' ಎಂದು. ಪಾರ್ಟಿಕಲ್ ಒಳಗೆ, ಪ್ರಿಪೊಸಿಶನ್ ಹೊರಗೆ. ಕೊಯ್ಲು ಸರಿಯಾಗಿ ಗಿಣ್ಣಿನಲ್ಲಿಯೇ ಆಗಿದೆ. ಇನ್ನೂ ಸ್ವಾರಸ್ಯದ್ದು 'ಕೋಪ್ ಅಪ್'. ಇಂಗ್ಲಿಷಿನಲ್ಲಿ ಇರುವುದು 'ಕೋಪ್ ವಿತ್' ಮಾತ್ರ. ನಮ್ಮವರು 'ಈ ಕೆಲಸದ ಜೊತೆ ಕೋಪ್ ಅಪ್ ಮಾಡೋದು ಕಷ್ಟ' ಎನ್ನುತ್ತಾರೆ. ಇದ್ದ ಪ್ರಿಪೊಸಿಶನ್ನನ್ನು 'ಜೊತೆ'ಗೆ ಬಿಟ್ಟುಕೊಟ್ಟು, ಇಲ್ಲದ ಪಾರ್ಟಿಕಲ್ಲನ್ನು ತಾವೇ ತಂದು ಜೋಡಿಸಿದ್ದಾರೆ. ಭಾರತೀಯ ಇಂಗ್ಲಿಷಿನ ದೋಷಪಟ್ಟಿಗಳಲ್ಲಿ 'ಕೋಪ್ ಅಪ್'ಗೆ ಕಾಯಂ ಸ್ಥಾನವಿದೆ. ದೋಷವೇ ಇರಬಹುದು, ಆದರೆ ಮನಬಂದಂತೆ ಆದ ದೋಷವಲ್ಲ.

ಇಂಗ್ಲಿಷಿನ ಗೆರೆಯನ್ನು ಕನ್ನಡ ಎಳೆಯುವುದು ಏಕೆ? ಹಡಲ್ಸ್ಟನ್–ಪುಲಮ್ ನಿಲುವನ್ನು ಒಪ್ಪಿದರೆ ಉತ್ತರ ಸರಳವಾಗುತ್ತದೆ. 'ಫಾರ್', 'ಆನ್' ತಮ್ಮ ಹಿಂದೆ ಒಂದು ನಾಮಪದವನ್ನು ಬೇಡುತ್ತವೆ. ಕನ್ನಡದಲ್ಲಿ ನಾಮಪದಕ್ಕೂ ಕ್ರಿಯಾಪದಕ್ಕೂ ಇರುವ ಸಂಬಂಧವನ್ನು ತೋರಿಸುವುದು ವಿಭಕ್ತಿ ಮತ್ತು ಪರಸರ್ಗಗಳ ಕೆಲಸ. ಒಂದೇ ಕೆಲಸಕ್ಕೆ ಇಬ್ಬರು ಆಳುಗಳು ಬೇಕಿಲ್ಲ. 'ಪಿಕ್ ಅಪ್'ನ 'ಅಪ್'ಗೆ ತನ್ನದೆಂಬ ನಾಮಪದವಿಲ್ಲ. ವಿಭಕ್ತಿ ಹಚ್ಚಲು ಏನೂ ಇಲ್ಲದಿರುವುದರಿಂದ ಅದನ್ನು ಹೊರಹಾಕುವ ದಾರಿಯೂ ಕನ್ನಡಕ್ಕಿಲ್ಲ. ಅದು ಧಾತುವಿಗೆ ಅಂಟಿಕೊಂಡೇ ಒಳಬರುತ್ತದೆ.

ಅಂಟಿಕೊಂಡದ್ದಕ್ಕೆ ಲಿಪಿಯೇ ಸಾಕ್ಷಿ. 'ಪಿಕ್‌ಅಪ್' ಎಂದು ಬಿಡಿಸಿ ಬರೆಯುವುದಕ್ಕಿಂತ 'ಪಿಕಪ್' ಎಂದೇ ಹೆಚ್ಚು ಬರೆಯುತ್ತೇವೆ. ಧಾತುವಿನ ಕೊನೆಯ ವ್ಯಂಜನ ಪಾರ್ಟಿಕಲ್‌ನ ಸ್ವರದೊಡನೆ ಒಂದೇ ಅಕ್ಷರವಾಗಿ ಕೂಡಿಹೋಗಿದೆ. 'ಲಾಗಿನ್', 'ಬ್ಯಾಕಪ್', 'ಟೇಕಾಫ್' ಕೂಡ ಹೀಗೆಯೇ. ಅವಧಾರಣೆಯ '-ಏ', ಸಮುಚ್ಚಯದ '-ಊ' ಇನ್ನೂ ಬಲವಾದ ಸಾಕ್ಷಿ. 'ಅವನು ಪಿಕಪ್ಪೇ ಮಾಡ್ಲಿಲ್ಲ', 'ಪಿಕಪ್ಪೂ ಮಾಡ್ತೀವಿ, ಡ್ರಾಪೂ ಮಾಡ್ತೀವಿ' ಎನ್ನಬಹುದು. ಹೀಗೆ 'ಪಿಕಪ್' ಮತ್ತು 'ಮಾಡು' ನಡುವೆ ಅಂಟುಪದಕ್ಕೆ ಜಾಗವಿದೆ. 'ಪಿಕ್' ಮತ್ತು 'ಅಪ್' ನಡುವೆ ಯಾವುದಕ್ಕೂ ಜಾಗವಿಲ್ಲ. ಇಂಗ್ಲಿಷಿನಲ್ಲಿ ಸರ್ವನಾಮ ಕಡ್ಡಾಯವಾಗಿ ಕೂರಬೇಕಾದ ಪೀಠ ಕನ್ನಡದಲ್ಲಿ ಮುಚ್ಚಿಹೋಗಿದೆ. 'ನನ್ನನ್ನ ಪಿಕಪ್ ಮಾಡಿ' ಎಂದಾಗ ಸರ್ವನಾಮ ಹೊರಗೆ ನಿಂತು ದ್ವಿತೀಯೆಯನ್ನು ತೊಟ್ಟಿದೆ. ಅಮೃತಹಳ್ಳಿಯ ಅದೇ ಚಾಲಕರು ತೆಲುಗಿನಲ್ಲಿ 'ಪಿಕಪ್ ಚೆಯ್ಯಂಡಿ' ಎಂದೂ ತಮಿಳಿನಲ್ಲಿ 'ಪಿಕಪ್ ಪಣ್ಣುಂಗ' ಎಂದೂ ಹಿಂದಿಯಲ್ಲಿ 'ಪಿಕಪ್ ಕರ್ ಲೀಜಿಯೇ' ಎಂದೂ ಕೇಳುತ್ತಿರುತ್ತಾರೆ. ಕೊನೆಯ ಕ್ರಿಯಾಪದ ಬದಲಾಗುತ್ತದೆ, ಪಿಕಪ್ ಬದಲಾಗುವುದಿಲ್ಲ. ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಸಾಂಗಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳ ನಡುವೆ ತೋರಿಸಿಕೊಟ್ಟ ಒಮ್ಮುಖತೆಯನ್ನು ಇದು ನೆನಪಿಸುತ್ತದೆ, ಆದರೆ ಇಲ್ಲಿ ಅದನ್ನು ಬೆಳೆಸುವುದಿಲ್ಲ.

ಒಂದು ಆಕ್ಷೇಪ ಗಂಭೀರವಾದದ್ದು. 'ಪಿಕಪ್', 'ಬ್ಯಾಕಪ್', 'ಲಾಗಿನ್' ಇಂಗ್ಲಿಷಿನಲ್ಲಿ ನಾಮಪದಗಳೂ ಹೌದು. ಕನ್ನಡ ಎರವಲು ಪಡೆದದ್ದು ಆ ನಾಮಪದವನ್ನೇ, ಕ್ರಿಯಾಪದವನ್ನಲ್ಲ ಎನ್ನಬಹುದು. ಹಾಗಾದರೆ ಪಾರ್ಟಿಕಲ್ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ. 'ವೇಟ್ ಫಾರ್'ಗೆ ಅಂಥ ನಾಮರೂಪ ಇಲ್ಲದಿರುವುದರಿಂದ 'ಫಾರ್' ಬಾರದಿದ್ದುದರಲ್ಲಿಯೂ ಇಲ್ಲ. ಇಂಗ್ಲಿಷಿನಲ್ಲಿ ನಾಮಪದವನ್ನೂ ಕ್ರಿಯಾಪದವನ್ನೂ ಒತ್ತಿನ ಸ್ಥಾನದಿಂದ ಬೇರ್ಪಡಿಸಬಹುದು. ಪದಮಟ್ಟದಲ್ಲಿ ಅರ್ಥಭೇದಕ ಒತ್ತಿಲ್ಲದ ಕನ್ನಡದಲ್ಲಿ ಆ ಸಾಕ್ಷ್ಯ ಅಳಿಸಿಹೋಗುತ್ತದೆ. ಆದ್ದರಿಂದ ಧ್ವನಿಯ ಆಧಾರದ ಮೇಲೆ ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಪದಕೋಶದ ಆಧಾರದ ಮೇಲೆ ತಳ್ಳಿಹಾಕಬಹುದು. 'ಪಾಯಿಂಟ್ ಔಟ್', 'ಫೈಂಡ್ ಔಟ್', 'ಗಿವ್ ಅಪ್'ಗಳಿಗೆ ಇಂಗ್ಲಿಷಿನ ದಿನಬಳಕೆಯಲ್ಲಿ ಅದೇ ರೂಪದ ನಾಮಪದಗಳಿಲ್ಲ; ಆದರೂ ಅವು 'ಮಾಡು' ಜೊತೆ ಸಲೀಸಾಗಿ ಬರುತ್ತವೆ. ಇನ್ನೊಂದು ಕಡೆ, 'ಡಿಪೆಂಡ್', 'ಅಪ್ಲೈ', 'ಲಿಸನ್' ಕ್ರಿಯಾಪದಗಳೇ ಹೊರತು ನಾಮಪದಗಳಲ್ಲ. ಕನ್ನಡಕ್ಕೆ ನಾಮಪದವೇ ಬೇಕಿದ್ದರೆ *'ಡಿಪೆಂಡೆನ್ಸ್ ಆಗು' ಎನ್ನಬೇಕಿತ್ತು. ನಾಮಪದ ಬಂದಲ್ಲಿ ಜೊತೆಯ ಕ್ರಿಯಾಪದವೇ ಬೇರೆಯಾಗುವುದನ್ನೂ ಗಮನಿಸಬೇಕು: 'ಅಪ್ಲೈ ಮಾಡು' ಆದರೆ 'ಅಪ್ಲಿಕೇಶನ್ ಹಾಕು', 'ಡ್ರಾಪ್ ಮಾಡು' ಆದರೆ 'ಒಂದು ಡ್ರಾಪ್ ಕೊಡು'. ಆಡುಗರಿಗೆ ಎರಡರ ಅರಿವೂ ಇದೆ.

'ಡ್ರಾಪ್' ತಾನೇ ಒಂದು ತೊಡಕು. ಇಂಗ್ಲಿಷಿನಲ್ಲಿ ಪ್ರಯಾಣಿಕರನ್ನು ಇಳಿಸುವುದಕ್ಕೆ 'ಡ್ರಾಪ್ ಆಫ್' ಎಂಬ ರೂಪ ಬಳಕೆಯಲ್ಲಿದೆ. ಅದಕ್ಕೆ ನಾಮರೂಪವೂ ಇದೆ. ಕನ್ನಡದಲ್ಲಿ *'ಡ್ರಾಪಾಫ್ ಮಾಡು' ಇಲ್ಲ. ಪಾರ್ಟಿಕಲ್ ಯಾವಾಗಲೂ ಒಳಬರುತ್ತದೆ ಎಂಬ ನಮ್ಮ ಮಾತಿಗೆ ಇದು ಎದುರಾಗುತ್ತದೆಯೇ? 'ಆಫ್' ಇಲ್ಲದ 'ಡ್ರಾಪ್' ಇಂಗ್ಲಿಷಿನಲ್ಲಿಯೂ ಈ ಅರ್ಥದಲ್ಲಿ ನಡೆಯುತ್ತದೆ. ಹಾಗಾಗಿ ಕನ್ನಡ ಎರವಲು ಪಡೆದದ್ದು ಆ ಚಿಕ್ಕ ರೂಪವನ್ನೇ ಇರಬೇಕು. ಇದಕ್ಕೆ ಸರಿಜೋಡಿಯಾಗಿ 'ನಿನ್ನನ್ನ ಪಿಕ್ ಮಾಡ್ತೀನಿ' ಎಂಬುದೂ ಈಚೆಗೆ ಕೇಳಿಬರುತ್ತದೆ. ಎಂದರೆ ಪಾರ್ಟಿಕಲ್ ಬಾರದೆಯೂ ಇರಬಹುದು. ಬಂದರೆ ಮಾತ್ರ ಧಾತುವಿನಿಂದ ಬಿಡಿಸಿಕೊಂಡು ಬರುವುದಿಲ್ಲ. ನಮ್ಮ ಮಾತನ್ನು ಇಷ್ಟಕ್ಕೆ ಸೀಮಿತಗೊಳಿಸುವುದು ನ್ಯಾಯ.

ತದ್ವಿರುದ್ಧವಾಗಿ, ಧಾತು ಬಿದ್ದುಹೋಗಿ ಪಾರ್ಟಿಕಲ್ ಮಾತ್ರ ಉಳಿಯುವುದೂ ಉಂಟು: 'ಫ್ಯಾನ್ ಆಫ್ ಮಾಡು', 'ಮೋಟರ್ ಆನ್ ಮಾಡು', 'ಕರೆಂಟ್ ಬಂದ ತಕ್ಷಣ ಆನ್ ಆಗುತ್ತೆ'. 'ಟರ್ನ್', 'ಸ್ವಿಚ್' ಇಲ್ಲಿ ಬೇಕಾಗಿಲ್ಲ, ಏಕೆಂದರೆ ಅವುಗಳ ಕೆಲಸಕ್ಕೆ 'ಮಾಡು' ಇದೆ. ಪರಿಣಾಮವನ್ನು ಹೇಳುವ ಪಾರ್ಟಿಕಲ್ಲೇ ಮುಖ್ಯ ಸರಕು. 'ಆಫ್ ಮಾಡು–ಆಫ್ ಆಗು' ಎಂಬ ಜೋಡಿ 'ರದ್ದು ಮಾಡು–ರದ್ದಾಗು', 'ವಸೂಲು ಮಾಡು–ವಸೂಲಾಗು' ಎಂಬ ಹಳೆಯ ಜೋಡಿಗಳ ಸಾಲಿಗೇ ಸೇರುತ್ತದೆ. ಪಾರ್ಸಿ–ಅರಬ್ಬಿ ಮೂಲದ ಮಾತುಗಳಿಗಾಗಿ ಕನ್ನಡ ಕಡಿದಿದ್ದ ಕಾಲುವೆಯಲ್ಲಿಯೇ ಇಂಗ್ಲಿಷ್ ಹರಿದುಬಂದಿದೆ. ಇದನ್ನು ಹೊಸ ಕೇಡು ಎನ್ನುವವರು ಕಂದಾಯ ಇಲಾಖೆಯ ಕನ್ನಡವನ್ನೊಮ್ಮೆ ಓದಿ ನೋಡಬೇಕು.

ಈಗ ಸಿದ್ಧಾಂತದ ಕಡೆಗೆ. ಕನ್ನಡ–ಇಂಗ್ಲಿಷ್ ಮಿಶ್ರಣದ ಮೇಲೆ ಶಿಸ್ತಿನ ಅಧ್ಯಯನಕ್ಕೆ ತಳಹದಿ ಹಾಕಿದವರಲ್ಲಿ ಎಸ್. ಎನ್. ಶ್ರೀಧರ್ ಪ್ರಮುಖರು. ಮಿಶ್ರಣ ಯಾವ ಯಾವ ಉದ್ದೇಶಗಳಿಗೆ ಒದಗುತ್ತದೆ ಎಂಬುದನ್ನು ಅವರು 1978ರ ಲೇಖನದಲ್ಲಿ ಪರಿಶೀಲಿಸಿದರು. ಕಮಲ್ ಕೆ. ಶ್ರೀಧರ್ ಅವರೊಡನೆ ಬರೆದ 1980ರ ಲೇಖನದಲ್ಲಿ ದ್ವಿರಚನಾ ತತ್ತ್ವವನ್ನು ಮುಂದಿಟ್ಟರು. ಅತಿಥಿ ಭಾಷೆಯ ಪದಪುಂಜವು ಆತಿಥೇಯ ವಾಕ್ಯದಲ್ಲಿ ಆತಿಥೇಯ ನಿಯಮದಂತೆ ಕುಳಿತರೆ ಸಾಕು, ಅದರ ಒಳರಚನೆ ಆತಿಥೇಯ ನಿಯಮಕ್ಕೆ ಒಳಪಡಬೇಕಿಲ್ಲ ಎಂಬುದು ಆ ತತ್ತ್ವದ ತಿರುಳು. ನಾಮಪುಂಜಗಳ ವಿಷಯದಲ್ಲಿ ಇದು ಇಂದಿಗೂ ಸರಿ. 'ಬ್ಯಾಕ್ ಆಫ್ ದ ಬಸ್‌ನಲ್ಲಿ' ಎಂಬಲ್ಲಿ ಒಳಗಿನ ಕ್ರಮ ಇಂಗ್ಲಿಷಿನದು, ಹೊರಗಿನ ವಿಭಕ್ತಿ ಕನ್ನಡದ್ದು.

ಕ್ರಿಯಾಪುಂಜಕ್ಕೆ ಬಂದಾಗ ತತ್ತ್ವ ಹೇಳುವುದಕ್ಕಿಂತ ಕನ್ನಡ ಹೆಚ್ಚು ಕಟ್ಟುನಿಟ್ಟು. ಒಳರಚನೆಗೆ ಪೂರ್ಣ ಸ್ವಾತಂತ್ರ್ಯವಿದ್ದಿದ್ದರೆ 'ಪಿಕ್ ಇಟ್ ಅಪ್' ಎಂಬ ಇಡೀ ಪುಂಜ 'ಮಾಡು' ಹಿಂದೆ ಕೂರಬಹುದಿತ್ತು:

(8) *ಬ್ಯಾಗ್ ಅಲ್ಲೇ ಇದೆ, ಪಿಕ್ ಇಟ್ ಅಪ್ ಮಾಡಿ.

ಇಂಗ್ಲಿಷನ್ನು ಮಾತೃಭಾಷೆಯಷ್ಟೇ ಸರಾಗವಾಗಿ ಆಡುವ ಕನ್ನಡಿಗರ ಬಾಯಿಂದಲೂ ನಾವು ಇದನ್ನು ಕೇಳಿಲ್ಲ. ಒಳಗೆ ಕರ್ಮವೇ ಇರಬಾರದೆಂದೇನೂ ಇಲ್ಲ. 'ಅಜ್ಜಿಯನ್ನ ಚೆನ್ನಾಗಿ ಟೇಕ್ ಕೇರ್ ಮಾಡ್ತಾರೆ' ಎಂಬಲ್ಲಿ 'ಕೇರ್' ಇಂಗ್ಲಿಷ್ ಕ್ರಮದಲ್ಲಿಯೇ, ಕ್ರಿಯಾಪದದ ನಂತರ ಕುಳಿತಿದೆ. ಆದರೆ ಆ 'ಕೇರ್' ಲೋಕದ ಯಾವ ವಸ್ತುವನ್ನೂ ನಿರ್ದೇಶಿಸುವುದಿಲ್ಲ. 'ಇಟ್' ನಿರ್ದೇಶಿಸುತ್ತದೆ. ಹಾಗಾಗಿ ದ್ವಿರಚನಾ ತತ್ತ್ವಕ್ಕೆ ನಮ್ಮ ತಿದ್ದುಪಡಿ ಇಷ್ಟು: 'ಮಾಡು', 'ಆಗು'ಗಳ ಹಿಂದೆ ಬರುವ ಅತಿಥಿ ಘಟಕದೊಳಗೆ ನಿರ್ದೇಶಕ ನಾಮಪದ ಇರಲಾರದು, ವಾಕ್ಯದಲ್ಲಿ ಭಾಗಿಗಳಾದವರೆಲ್ಲ ಕನ್ನಡದ ವಿಭಕ್ತಿಯ ಮೂಲಕವೇ ಪ್ರವೇಶಿಸಬೇಕು. 'ಫರ್ಗೆಟ್ ಇಟ್, ನಾಳೆ ನೋಡೋಣ' ಎಂಬಂಥ ಮಾತು ಇದಕ್ಕೆ ಅಪವಾದವಲ್ಲ. ಅಲ್ಲಿ 'ಮಾಡು' ಇಲ್ಲ. ಪೀಟರ್ ಮ್ಯೂಸ್ಕನ್ 2000ದ ಪುಸ್ತಕದಲ್ಲಿ ಸೇರ್ಪಡೆಯಿಂದ ಬೇರ್ಪಡಿಸಿದ ಪರ್ಯಾಯ ಬಗೆಯ ಮಿಶ್ರಣ ಅದು.

ಕ್ಯಾರಲ್ ಮೈಯರ್ಸ್-ಸ್ಕಾಟನ್ ಅವರ ಮಾದರಿಯನ್ನೂ ಇಲ್ಲಿ ನೆನೆಯಬೇಕು. ಪಾರ್ಟಿಕಲ್‌ಗಳು ತಮ್ಮ ಧಾತುವಿನ ಜೊತೆಯಲ್ಲಿಯೇ ಮನಸ್ಸಿನಲ್ಲಿ ಚಾಲನೆಗೊಳ್ಳುವ ಆರಂಭಿಕ ವ್ಯವಸ್ಥಾ ಆಕೃತಿಮಾಗಳು ಎಂಬ ಆ ಮಾದರಿಯ ನಿಲುವು 'ಪಿಕಪ್'ಗೆ ಹೊಂದುತ್ತದೆ. ಆದರೆ ಭಾಗಿಗಳ ಪಾತ್ರವನ್ನು ನಿರ್ಧರಿಸುವ ಪ್ರಿಪೊಸಿಶನ್‌ಗಳನ್ನು ಅದು ಅರ್ಥವಾಹಕ ಆಕೃತಿಮಾಗಳ ಗುಂಪಿಗೆ ಸೇರಿಸುತ್ತದೆ. ಆ ಗುಂಪಿನವು ಅತಿಥಿ ಭಾಷೆಯಿಂದ ಬರಲು ತಡೆಯಿಲ್ಲ. ಹಾಗಿದ್ದರೂ 'ಫಾರ್', 'ಆನ್' ಏಕೆ ಬರಲಿಲ್ಲ ಎಂಬುದಕ್ಕೆ ಆ ಮಾದರಿಗಿಂತ ಕನ್ನಡದ ವಿಭಕ್ತಿಯೇ ಉತ್ತಮ ವಿವರಣೆ ಎಂದು ನಾವು ಭಾವಿಸುತ್ತೇವೆ.

ಇಲ್ಲಿಯವರೆಗೆ ಇಂಗ್ಲಿಷಿನ ಗೆರೆಯೂ ಕನ್ನಡದ ಗೆರೆಯೂ ಒಂದೇ ಎಂಬಂತೆ ಬರೆದೆವು. ಪೂರ್ತಿಯಾಗಿ ಒಂದಲ್ಲ.

(9) ಅಂಗಡಿಯನ್ನ ತಮ್ಮ ಲುಕ್ ಆಫ್ಟರ್ ಮಾಡ್ತಾನೆ.
(10) ಅಗ್ರಿಮೆಂಟ್‌ನ ಒಂದ್ಸಲ ಗೋ ಥ್ರೂ ಮಾಡಿ, ಆಮೇಲೆ ಸೈನ್ ಹಾಕಿ.

ಸರ್ವನಾಮದ ಪರೀಕ್ಷೆಯಂತೆ 'ಲುಕ್ ಆಫ್ಟರ್ ಇಟ್', 'ಗೋ ಥ್ರೂ ಇಟ್' ಎರಡೂ ಪ್ರಿಪೊಸಿಶನ್ನಿನ ರಚನೆಗಳು. ನಮ್ಮ ವಾದದ ಪ್ರಕಾರ 'ಆಫ್ಟರ್', 'ಥ್ರೂ' ಹೊರಗುಳಿಯಬೇಕಿತ್ತು. ಒಳಗೆ ಬಂದಿವೆ. ಈ ರೂಪಗಳು ಉತ್ತರ ಬೆಂಗಳೂರಿನಲ್ಲಿ ಅಪರೂಪವಲ್ಲ, ಇವನ್ನು ಮರೆಮಾಚಿ ವಾದ ಮಾಡಲಾಗದು.

ಕನ್ನಡದ ಕ್ರಿಯಾಪದಗಳನ್ನೇ ನೋಡಿದರೆ ಒಂದು ದಾರಿ ಕಾಣುತ್ತದೆ. 'ನೋಡು' ಬೇರೆ, 'ನೋಡಿಕೊಳ್ಳು' ಬೇರೆ; ಕಾಪಾಡುವ, ಪಾಲಿಸುವ ಅರ್ಥವನ್ನು ಹೊತ್ತದ್ದು 'ಕೊಳ್ಳು'. ಅದು ಕ್ರಿಯಾಪದದ ಭಾಗ, ನಾಮಪದದ ವಿಭಕ್ತಿಯಲ್ಲ. 'ಆಫ್ಟರ್' ಇಲ್ಲಿ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಯಾವ ವಿಭಕ್ತಿಯೂ ಇಲ್ಲ. ಹೊರಹಾಕಿದರೆ 'ನೋಡಿಕೊಳ್ಳು' ಎಂಬ ಅರ್ಥವೇ ಕಳೆದುಹೋಗುತ್ತದೆ. ಒಳಗಿಟ್ಟುಕೊಂಡ ಮೇಲೆ ಕರ್ಮಕ್ಕೆ 'ನೋಡಿಕೊಳ್ಳು' ಬೇಡುವ ದ್ವಿತೀಯೆಯೇ ಬಂದಿದೆ. 'ಗೋ ಥ್ರೂ'ವಿನಲ್ಲಿಯೂ 'ಥ್ರೂ' ತೆಗೆದರೆ ಬರಿಯ 'ಗೋ' ಉಳಿಯುತ್ತದೆ. ಓದಿ ನೋಡುವ ಅರ್ಥ ಅದರಲ್ಲಿಲ್ಲ. ಎಂದರೆ ಇಂಗ್ಲಿಷ್ ಕೇಳುವ ಪ್ರಶ್ನೆ ರಚನೆಯದು: ಈ ಪದಕ್ಕೆ ತನ್ನದೇ ನಾಮಪದವಿದೆಯೇ? ಕನ್ನಡ ಕೇಳುವ ಪ್ರಶ್ನೆ ಹೊಣೆಯದು: ಈ ಪದದ ಕೆಲಸವನ್ನು ನನ್ನ ವಿಭಕ್ತಿ ಮಾಡಬಲ್ಲುದೇ? ಬಹುಪಾಲು ಕ್ರಿಯಾಪದಗಳಲ್ಲಿ ಎರಡು ಪ್ರಶ್ನೆಗಳಿಗೂ ಉತ್ತರ ಹೊಂದಿಕೊಳ್ಳುತ್ತದೆ. ಹೊಂದದ ಕಡೆಗಳಲ್ಲಿ ಕನ್ನಡ ತನ್ನ ಪ್ರಶ್ನೆಗೇ ಅಂಟಿಕೊಳ್ಳುತ್ತದೆ. ಸಂಶೋಧನಾರ್ಥಿಗಳಿಗೆ ಹೆಚ್ಚು ಫಲ ಕೊಡುವ ಜಾಗ ಇದೇ ಎಂದು ನಮ್ಮ ಎಣಿಕೆ.

ಇಂಥ ಮುಚ್ಚಿಕೊಳ್ಳುವಿಕೆಯನ್ನು ಕನ್ನಡ ಮೊದಲ ಸಲ ಕಾಣುತ್ತಿಲ್ಲ. ಉಪಸರ್ಗಗಳು ಧಾತುವಿನ ಹಿಂದೆಯೇ ಬರಬೇಕೆಂದು ಪಾಣಿನಿ ವಿಧಿಸುತ್ತಾನೆ, ವೇದದ ಭಾಷೆಯಲ್ಲಿ ಅವು ಧಾತುವಿನ ನಂತರವೂ ಬರಬಹುದು, ನಡುವೆ ಬೇರೆ ಪದಗಳಿದ್ದು ದೂರವೂ ಉಳಿಯಬಹುದು ಎಂದೂ ಹೇಳುತ್ತಾನೆ (ಅಷ್ಟಾಧ್ಯಾಯಿ 1.4.80–82). ಒಂದು ಕಾಲಕ್ಕೆ ಸಂಸ್ಕೃತದಲ್ಲಿಯೂ ಉಪಸರ್ಗಕ್ಕೂ ಧಾತುವಿಗೂ ನಡುವೆ ಸರ್ವನಾಮಕ್ಕೆ ಎಡೆಯಿತ್ತು. ಕನ್ನಡಕ್ಕೆ ಆ ಧಾತುಗಳು ಬರುವ ಹೊತ್ತಿಗೆ ಬಾಗಿಲು ಮುಚ್ಚಿತ್ತು. 'ಅನುಭವಿಸು', 'ಪ್ರವೇಶಿಸು', 'ಪರಿಹರಿಸು' ಎನ್ನುವ ಕನ್ನಡಿಗರಿಗೆ 'ಅನು', 'ಪ್ರ', 'ಪರಿ' ಬಿಡಿ ಪದಗಳೆಂದು ತೋರುವುದಿಲ್ಲ, 'ಪಿಕಪ್'ನ 'ಅಪ್' ತೋರದಂತೆಯೇ. ವ್ಯತ್ಯಾಸವೂ ಇದೆ: ಸಂಸ್ಕೃತದ ಬಾಗಿಲನ್ನು ಸಂಸ್ಕೃತವೇ ಮುಚ್ಚಿಕೊಂಡಿತ್ತು, ಇಂಗ್ಲಿಷಿನದನ್ನು ಕನ್ನಡ ಮುಚ್ಚಿದೆ.

ಇನ್ನು ಕನ್ನಡದಿಂದ ಇಂಗ್ಲಿಷಿಗೆ ಹೋಗುವ ದಾರಿ. 'ಐ ವಿಲ್ ಪಿಕ್ ಅಪ್ ಯು', 'ಪ್ಲೀಸ್ ಫಿಲ್ ಅಪ್ ಇಟ್' ಎಂಬ ವಾಕ್ಯಗಳನ್ನು ಅಧ್ಯಾಪಕರು ಪದಕ್ರಮದ ದೋಷವೆಂದು ಕೆಂಪು ಶಾಯಿಯಲ್ಲಿ ಗುರುತಿಸುತ್ತಾರೆ. ಪದಕ್ರಮವೇ ಕಾರಣವಾಗಿದ್ದರೆ ಕನ್ನಡದ ಕ್ರಮದಂತೆ ಕರ್ಮ ಮೊದಲಿಗೆ ಬರಬೇಕಿತ್ತು. ಹಾಗೆ ಯಾರೂ ಹೇಳುವುದಿಲ್ಲ. 'ಪಿಕಪ್' ಒಂದೇ ಪದವಾಗಿರುವುದು ಒಂದು ಕಾರಣ. ಇನ್ನೊಂದು ಕಾರಣ ಸರ್ವನಾಮದ ಜಾತಿಯಲ್ಲಿದೆ.

ಡಿ. ಎನ್. ಶಂಕರ ಭಟ್ ಅವರು ಸರ್ವನಾಮಗಳ ಕುರಿತ ತಮ್ಮ 2004ರ ಗ್ರಂಥದಲ್ಲಿ ಭಾಷೆಗಳನ್ನು ಎರಡು-ಪುರುಷದವು, ಮೂರು-ಪುರುಷದವು ಎಂದು ವಿಂಗಡಿಸಿದ್ದಾರೆ. ಕನ್ನಡದಂಥ ಎರಡು-ಪುರುಷದ ಭಾಷೆಗಳಲ್ಲಿ 'ಅವನು–ಇವನು', 'ಅದು–ಇದು' ತೋರಿಸುವ ಪದಗಳು. 'ನಾನು', 'ನೀನು'ಗಳ ಸಾಲಿನವಲ್ಲ. ಇಂಗ್ಲಿಷಿನ 'ಇಟ್' ತೋರಿಸುವ ಪದವಲ್ಲ, ಒತ್ತಿಲ್ಲದ ದುರ್ಬಲ ಸರ್ವನಾಮ. ಅದಕ್ಕೆ ಸಮನಾಗಿ ಕನ್ನಡದಲ್ಲಿ ಇರುವುದು 'ಅದು' ಅಲ್ಲ, ಮೌನ. 'ಬ್ಯಾಗ್ ತಂದಿದೀಯಾ?' ಎಂದರೆ 'ತಂದಿದೀನಿ' ಎನ್ನುತ್ತೇವೆ. 'ಅದನ್ನ ತಂದಿದೀನಿ' ಎಂದರೆ ಬೇರೊಂದು ಬ್ಯಾಗಿನ ಸುಳಿವು ಮೂಡುತ್ತದೆ. ಈಗ ಇಂಗ್ಲಿಷಿನ ಕಡೆ ನೋಡೋಣ. ತೋರಿಸುವ ಪದಕ್ಕೆ ಅಲ್ಲಿ ಆ ಬಿಗಿಯಿಲ್ಲ: 'ಪಿಕ್ ದಟ್ ಅಪ್' ಸರಿ, 'ಪಿಕ್ ಅಪ್ ದಟ್' ಕೂಡ ನಡೆಯುತ್ತದೆ. 'ಇಟ್' ಅನ್ನು 'ಅದು' ಎಂದು ಕಲಿತ ವಿದ್ಯಾರ್ಥಿ 'ಪಿಕ್ ಅಪ್ ಇಟ್' ಎಂದಾಗ 'ದಟ್'ಗೆ ಸಲ್ಲುವ ನಿಯಮವನ್ನು ಪಾಲಿಸುತ್ತಿದ್ದಾನೆ. 'ಪಿಕ್ ಅಪ್ ಯು' ಎಂಬುದಕ್ಕೂ ಇದೇ ಬಗೆಯ ವಿವರಣೆ ಸಲ್ಲುತ್ತದೆ. 'ನೀನು' ತೋರಿಸುವ ಪದವಲ್ಲದಿದ್ದರೂ ಕನ್ನಡದಲ್ಲಿ ಬಾಯಿಬಿಟ್ಟು ಹೇಳಿದ ಸರ್ವನಾಮ ಯಾವಾಗಲೂ ಪೂರ್ಣ ಬಲದ ಪದ. ದುರ್ಬಲ ರೂಪವನ್ನು ನಾವು ಉಚ್ಚರಿಸುವುದೇ ಇಲ್ಲ. ದೋಷ ಇರುವುದು ಕ್ರಮದಲ್ಲಲ್ಲ, 'ಇಟ್', 'ಯು'ಗಳ ತೂಕವನ್ನು ಅಳೆದ ರೀತಿಯಲ್ಲಿ.

ಇದನ್ನು ಒಪ್ಪಿದರೆ ತರಗತಿಯಲ್ಲಿ ಬದಲಾಗಬೇಕಾದದ್ದು ಸಣ್ಣದೇನಲ್ಲ. 'ಬಿಡಿಸಬಹುದಾದವು', 'ಬಿಡಿಸಲಾಗದವು' ಎಂದು ನೂರಾರು ಕ್ರಿಯಾಪದಗಳ ಎರಡು ಕಲಮುಗಳನ್ನು ಬಾಯಿಪಾಠ ಮಾಡಿಸುವ ಪದ್ಧತಿ ನಮ್ಮ ಪದವಿ ತರಗತಿಗಳಲ್ಲಿಯೂ ಉಳಿದಿದೆ. ಅಮೃತಹಳ್ಳಿಯ ವಿದ್ಯಾರ್ಥಿನಿಗೆ ಆ ಕಲಮುಗಳ ಬಹುಭಾಗ ಮೊದಲೇ ಗೊತ್ತಿದೆ. 'ಮಾಡು' ಹಚ್ಚಿ ನೋಡು, ಇಂಗ್ಲಿಷಿನ ಚಿಕ್ಕ ಪದ ಒಳಗೆ ಉಳಿಯಿತೇ, ವಿಭಕ್ತಿಗೆ ಎಡೆ ಬಿಟ್ಟು ಹೊರಟುಹೋಯಿತೇ ಎಂದು ಆಕೆಯನ್ನೇ ಕೇಳಬಹುದು. ಉಳಿದದ್ದಾದರೆ 'ಇಟ್' ನಡುವೆ. ಹೋದದ್ದಾದರೆ 'ಇಟ್' ಕೊನೆಗೆ. 'ಲುಕ್ ಆಫ್ಟರ್', 'ಗೋ ಥ್ರೂ'ಗಳಂಥ ಕೆಲವನ್ನು ಮಾತ್ರ ಬೇರೆಯಾಗಿ ಹೇಳಿಕೊಡಬೇಕು. ಮಿಶ್ರ ಮಾತನ್ನು ತರಗತಿಯ ಬಾಗಿಲಲ್ಲಿ ಚಪ್ಪಲಿಯಂತೆ ಬಿಟ್ಟು ಬರಬೇಕೆಂಬ ಶಿಸ್ತು ಈ ಸೌಲಭ್ಯವನ್ನು ಕಳೆಯುತ್ತದೆ.

ನಮ್ಮ ವಾದ ಎಲ್ಲಿ ಮುರಿಯಬಹುದು ಎಂಬುದನ್ನೂ ಹೇಳಬೇಕು. ಮನೆಯಲ್ಲಿ ಕನ್ನಡ, ಶಿಶುವಿಹಾರದಿಂದಲೇ ಇಂಗ್ಲಿಷ್ ಎಂಬ ಸ್ಥಿತಿಯಲ್ಲಿ ಬೆಳೆಯುತ್ತಿರುವ ಮಕ್ಕಳು ಈ ಬಡಾವಣೆಗಳಲ್ಲಿ ಬೇಕಾದಷ್ಟು ಇದ್ದಾರೆ. ಅವರು 'ಪಿಕ್ ಇಟ್ ಅಪ್' ಅನ್ನು ಶಿಕ್ಷಕಿಯ ಬಾಯಿಂದ ಆಜ್ಞೆಯ ರೂಪದಲ್ಲಿ, ಒಂದೇ ಉಸಿರಿನ ಮಾತಾಗಿ ಕೇಳಿ ಕಲಿಯುತ್ತಾರೆ. ಅವರ ಕನ್ನಡದಲ್ಲಿ (8) ಮೂಡಿದರೆ ಎರಡು ಸಾಧ್ಯತೆಗಳಿವೆ. 'ಇಟ್' ಅರ್ಥ ಕಳೆದುಕೊಂಡು 'ಕೇರ್'ನಂತೆ ಘಟಕದೊಳಗೆ ಕರಗಿರಬಹುದು. ಆಗ 'ಆ ಬ್ಯಾಗನ್ನ ಪಿಕ್ ಇಟ್ ಅಪ್ ಮಾಡು' ಎಂದು ದ್ವಿತೀಯೆಯ ಕರ್ಮವೂ ಜೊತೆಯಲ್ಲಿ ಬರಬೇಕು. ಬಹುವಚನದಲ್ಲಿಯೂ 'ಇಟ್' ಬದಲಾಗದೆ ಉಳಿಯಬೇಕು. ಹೀಗಾದರೆ ನಮ್ಮ ತಿದ್ದುಪಡಿ ನಿಲ್ಲುತ್ತದೆ. ಮಕ್ಕಳು ಒಂದು ಬ್ಯಾಗಿಗೆ 'ಪಿಕ್ ಇಟ್ ಅಪ್ ಮಾಡು', ಹಲವಕ್ಕೆ 'ಪಿಕ್ ದೆಮ್ ಅಪ್ ಮಾಡು' ಎನ್ನುತ್ತ, ಹೊರಗೆ ಕನ್ನಡದ ಕರ್ಮವನ್ನು ಇಡದೆ ಹೋದರೆ ಶ್ರೀಧರ್ ದಂಪತಿಗಳ ತತ್ತ್ವ ಮೊದಲಿದ್ದ ವ್ಯಾಪ್ತಿಯಲ್ಲಿಯೇ ಸರಿ, ನಮ್ಮ ತಿದ್ದುಪಡಿ ತಪ್ಪು.